ಪಿಎಚ್‌.ಡಿ.ಗೆ ಯಾವ ವಿಧಾನ? ಸಮಾಜಶಾಸ್ತ್ರದ ಹೊಸ ಸಂಶೋಧನಾ ಮಾರ್ಗಗಳ ಹೋಲಿಕೆ

ನಮ್ಮ ವಿಶ್ವವಿದ್ಯಾಲಯಗಳ ಸಮಾಜಶಾಸ್ತ್ರ ವಿಭಾಗಗಳಿಗೆ ಸಲ್ಲಿಕೆಯಾಗುವ ಸಾರಲೇಖಗಳಲ್ಲಿ (ಸಿನಾಪ್ಸಿಸ್) ‘ಸಂಶೋಧನಾ ವಿಧಾನ’ ಎಂಬ ಶೀರ್ಷಿಕೆಯ ಕೆಳಗೆ ಬರುವ ಮಾತುಗಳು ಬಹುಕಾಲದಿಂದ ಹೆಚ್ಚು ಬದಲಾಗಿಲ್ಲ: ವಿವರಣಾತ್ಮಕ ವಿನ್ಯಾಸ, 300 ಮಾಹಿತಿದಾರರು, ಒಂದು ಸಂದರ್ಶನ ಅನುಸೂಚಿ, ಕೊನೆಗೆ ಶೇಕಡಾವಾರು ಕೋಷ್ಟಕಗಳ ಜೊತೆಗೆ ಕೈ-ಸ್ಕ್ವೇರ್ (χ²) ಎಂಬ ಒಂದು ಸಂಖ್ಯಾಶಾಸ್ತ್ರೀಯ ಪರೀಕ್ಷೆ. 300 ಏಕೆ, 250 ಏಕಾಗಬಾರದು ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಇದೇ ವಿದ್ಯಾರ್ಥಿ ಕೋರ್ಸ್‌ವರ್ಕ್ ಮುಗಿಸುವ ಹೊತ್ತಿಗೆ ನಾಲ್ಕಾರು ಕಾರ್ಯಾಗಾರಗಳಿಗೆ ಹೋಗಿ ಬಂದಿರುತ್ತಾನೆ. ಒಂದರಲ್ಲಿ ಪೈಥಾನ್ ಕಲಿಸಿರುತ್ತಾರೆ, ಇನ್ನೊಂದರಲ್ಲಿ ಜಾಲದ ಚಿತ್ರ ಬಿಡಿಸುವುದನ್ನು, ಮತ್ತೊಂದರಲ್ಲಿ ಆನ್‌ಲೈನ್ ಗುಂಪುಗಳೊಳಗೆ ಇದ್ದು ಗಮನಿಸುವ ಡಿಜಿಟಲ್ ಎಥ್ನೋಗ್ರಫಿಯನ್ನು. ಹಳೆಯ ಅನುಸೂಚಿಯನ್ನು ಬಿಡುವ ಉತ್ಸಾಹವೇನೋ ಬಂದಿರುತ್ತದೆ, ಆದರೆ ಅದರ ಜಾಗಕ್ಕೆ ಯಾವುದನ್ನು ತರಬೇಕೆಂಬುದು ತಿಳಿದಿರುವುದಿಲ್ಲ. ಆ ಗೊಂದಲದಲ್ಲಿರುವವರಿಗಾಗಿ ಈ ಹೋಲಿಕೆ.

ಅಳತೆಗೋಲು ಒಂದೇ ಇರಲಿ ಎಂದು ಒಂದೇ ಪ್ರಶ್ನೆಯನ್ನು ಎಲ್ಲ ವಿಧಾನಗಳ ಮುಂದೆಯೂ ಇಡುತ್ತೇನೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಬಂದು ಆ್ಯಪ್‌ಗಳ ಮೂಲಕ ಊಟ, ದಿನಸಿ ತಲುಪಿಸುವ ಕೆಲಸ ಹಿಡಿದ ಯುವಕರಿಗೆ ಊರಿನ, ಜಾತಿಯ, ನೆಂಟಸ್ತಿಕೆಯ ನಂಟುಗಳು ನಗರದಲ್ಲಿ ಎಷ್ಟರಮಟ್ಟಿಗೆ ಒದಗಿಬರುತ್ತವೆ? ದೇಶದಲ್ಲಿ 2020–21ರಲ್ಲಿ ಸುಮಾರು 77 ಲಕ್ಷ ಗಿಗ್ ಕಾರ್ಮಿಕರು, ಅಂದರೆ ಕಾಯಂ ನೌಕರಿಯಿಲ್ಲದೆ ಕೆಲಸದ ಲೆಕ್ಕಕ್ಕೆ ದುಡಿಯುವವರು, ಇದ್ದರೆಂದು ನೀತಿ ಆಯೋಗದ 2022ರ ವರದಿ ಅಂದಾಜಿಸಿತ್ತು. ಅವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿದೆ. ಹೀಗಾಗಿ ಇದು ಕೇವಲ ಉದಾಹರಣೆಗಾಗಿ ಹೆಣೆದ ಪ್ರಶ್ನೆಯಲ್ಲ, ಯಾರಾದರೂ ಕೈಗೆತ್ತಿಕೊಳ್ಳಬಹುದಾದದ್ದು.

ಪ್ರತಿ ವಿಧಾನವನ್ನೂ ನಾನು ನೋಡುವುದು ನಾಲ್ಕು ದಿಕ್ಕಿನಿಂದ. ಅದು ಕೊನೆಗೆ ಎಂಥ ಮಾತನ್ನು ಹೇಳಲು ಬಿಡುತ್ತದೆ ಎಂಬುದು ಮೊದಲನೆಯದು. ದತ್ತಾಂಶದ ಕೀಲಿಕೈ ಯಾರ ಬಳಿ ಇರುತ್ತದೆ ಎಂಬುದು ಎರಡನೆಯದು. ವಿದ್ಯಾರ್ಥಿಗಳು ಇದನ್ನು ಕೇಳಿಕೊಳ್ಳುವುದೇ ಕಡಿಮೆ, ಪ್ರಬಂಧಗಳು ಮುರಿದು ಬೀಳುವುದು ಹೆಚ್ಚಾಗಿ ಇಲ್ಲಿಯೇ. ಕನ್ನಡದಲ್ಲಿ, ಅದರಲ್ಲೂ ಆಡುಮಾತಿನ ಕನ್ನಡದಲ್ಲಿ, ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದು ಮೂರನೆಯದು. ಉಳಿದದ್ದು ಕಾಲ. ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್‌.ಡಿ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷ ಸಿಗಬಹುದು, ಮಹಿಳೆಯರಿಗೂ ಅಂಗವಿಕಲರಿಗೂ ಅದರ ಮೇಲೆ ಮತ್ತೆ 2 ವರ್ಷಗಳ ರಿಯಾಯಿತಿ ಇದೆ. ಜೆಆರ್‌ಎಫ್ (ಕಿರಿಯ ಸಂಶೋಧಕರ) ಫೆಲೋಶಿಪ್ ಮಾತ್ರ ಒಟ್ಟು 5 ವರ್ಷಕ್ಕೆ ನಿಲ್ಲುತ್ತದೆ. ಕೋರ್ಸ್‌ವರ್ಕ್, ಸಾರಲೇಖದ ಒಪ್ಪಿಗೆ, ಬರವಣಿಗೆ ಇವಕ್ಕೆ ಬೇಕಾದದ್ದನ್ನು ಕಳೆದರೆ ದತ್ತಾಂಶ ಸಂಗ್ರಹಕ್ಕೆ ಕೈಯಲ್ಲಿ ಉಳಿಯುವುದು ಒಂದೂವರೆ ವರ್ಷ.

ನಂಟಿನ ನಕ್ಷೆ: ಜಾಲ ವಿಶ್ಲೇಷಣೆ

ಮೇಲಿನ ಪ್ರಶ್ನೆಗೆ ಮೊದಲು ನೆನಪಾಗುವುದು ಸಾಮಾಜಿಕ ಜಾಲ ವಿಶ್ಲೇಷಣೆ. ಇದರ ಬೇರು ಹಳೆಯದು. ಜೇಕಬ್ ಮೊರೆನೊ 1930ರ ದಶಕದಲ್ಲಿಯೇ ಶಾಲಾಮಕ್ಕಳಲ್ಲಿ ಯಾರು ಯಾರ ಪಕ್ಕ ಕೂರಲು ಬಯಸುತ್ತಾರೆಂದು ಕೇಳಿ ಚಿತ್ರ ಬರೆದಿದ್ದರು. ಕೆಲಸ ಹುಡುಕುವವರಿಗೆ ಆಪ್ತರಿಗಿಂತ ದೂರದ ಪರಿಚಯಸ್ಥರಿಂದಲೇ ಹೊಸ ಸುದ್ದಿ ಸಿಗುತ್ತದೆಂದು ಮಾರ್ಕ್ ಗ್ರಾನೊವೆಟರ್ 1973ರಲ್ಲಿ ವಾದಿಸಿದ್ದರು. ಈಚೆಗೆ ಬದಲಾದದ್ದು ಲೆಕ್ಕದ ಶಕ್ತಿ. ಒಂದು ಊರಿನ ಎಲ್ಲ ನಂಟುಗಳನ್ನೂ ಒಟ್ಟಿಗೆ ಇಟ್ಟುಕೊಂಡು, ಈ ಆಕಾರ ಆಕಸ್ಮಿಕವೇ ಅಲ್ಲವೇ ಎಂದು ಪರೀಕ್ಷಿಸುವ ಮಾದರಿಗಳು ಈಗ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ, ಉಚಿತವಾಗಿ ಸಿಗುವ ಆರ್ ತಂತ್ರಾಂಶದಲ್ಲಿ ಓಡುತ್ತವೆ.

ಈ ವಿಧಾನದ ಅತ್ಯಂತ ಹೆಸರಾದ ಅಧ್ಯಯನಗಳಲ್ಲೊಂದು ನಮ್ಮ ರಾಜ್ಯದ್ದೇ ಆಗಿರುವುದು ಇಲ್ಲಿನ ವಿದ್ಯಾರ್ಥಿಗಳಿಗೆ ಅನುಕೂಲ. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜಾಕ್ಸನ್ ಅವರ ತಂಡ ಕರ್ನಾಟಕದ 75 ಹಳ್ಳಿಗಳಲ್ಲಿ 2006ರಲ್ಲಿ ನಂಟುಗಳ ಸಮೀಕ್ಷೆ ನಡೆಸಿತು. ಆಮೇಲೆ ಒಂದು ಕಿರುಸಾಲ ಸಂಸ್ಥೆ ಅವುಗಳಲ್ಲಿ 43 ಹಳ್ಳಿಗಳಿಗೆ ಹೋದಾಗ ಸಾಲದ ಸುದ್ದಿ ಹೇಗೆ ಹರಡಿತೆಂಬುದನ್ನು 2013ರಲ್ಲಿ ಪ್ರಕಟಿಸಿತು. ಸುದ್ದಿಯನ್ನು ಮೊದಲು ಕೇಳಿದವರು ಜಾಲದಲ್ಲಿ ಎಲ್ಲಿದ್ದರು ಎಂಬುದರ ಮೇಲೆ ಆ ಊರಿನಲ್ಲಿ ಎಷ್ಟು ಮಂದಿ ಸಾಲಕ್ಕೆ ಸೇರಿದರು ಎಂಬುದು ಬಹಳಷ್ಟು ನಿಂತಿತ್ತು. ಈ ದತ್ತಾಂಶ ಸಾರ್ವಜನಿಕವಾಗಿ ಲಭ್ಯವಿದೆ. ಕ್ಷೇತ್ರಕ್ಕೆ ಇಳಿಯುವ ಮೊದಲು ಅದರ ಮೇಲೆ ಕೈ ಪಳಗಿಸಿಕೊಳ್ಳಬಹುದು.

ಆದರೆ ಆ ಲೇಖನದ ಗಣಿತಕ್ಕೆ ಬೆರಗಾಗುವ ಮೊದಲು ಅದರ ಪ್ರಶ್ನಾವಳಿಯನ್ನು ಓದಬೇಕು. ಯಾರ ಮನೆಗೆ ಹೋಗಿಬರುತ್ತೀರಿ, ಸೀಮೆಎಣ್ಣೆ, ಅಕ್ಕಿ ಬೇಕಾದರೆ ಯಾರ ಹತ್ತಿರ ಕೇಳುತ್ತೀರಿ, ಕೈಸಾಲ ಯಾರು ಕೊಡುತ್ತಾರೆ, ಗುಡಿಗೆ ಯಾರ ಜೊತೆ ಹೋಗುತ್ತೀರಿ ಎಂಬಂಥ 12 ಬಗೆಯ ನಂಟುಗಳು ಅಲ್ಲಿವೆ. ಸೀಮೆಎಣ್ಣೆಯನ್ನು ಕಡ ಕೇಳುವುದು ನಂಟಿನ ಗುರುತು ಎಂಬುದು ಯಾವ ತಂತ್ರಾಂಶಕ್ಕೂ ಹೊಳೆಯುವ ವಿಷಯವಲ್ಲ, ಹಳ್ಳಿಯನ್ನು ಬಲ್ಲವರು ಹೇಳಬೇಕಾದದ್ದು. ಮನೆಮನೆಗೆ ಹೋಗಿ ಕೇಳಿದ ಮೇಲೆಯೇ ಗಣಿತ ಶುರುವಾದದ್ದು. ಹೊಸ ವಿಧಾನಗಳ ಬಗ್ಗೆ ನನ್ನ ಒಟ್ಟು ಅಭಿಪ್ರಾಯವೂ ಇದೇ: ಅವು ಕ್ಷೇತ್ರಕಾರ್ಯದ ಶ್ರಮವನ್ನು ಉಳಿಸುವುದಿಲ್ಲ, ಅದನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಡುತ್ತವೆ. ಎಲ್ಲಿ ಇಡುತ್ತವೆ ಎಂಬುದನ್ನು ಮೊದಲೇ ಕಂಡುಕೊಂಡವರಿಗೆ ಆಯ್ಕೆ ಸುಲಭವಾಗುತ್ತದೆ.

ಇನ್ನು ಡೆಲಿವರಿ ಕೆಲಸಗಾರರ ಪ್ರಶ್ನೆಗೆ ಬರೋಣ. ಹಳ್ಳಿಗೆ ಗಡಿಯಿದೆ, ಮನೆಗಳ ಪಟ್ಟಿಯಿದೆ. ಬೆಂಗಳೂರಿನ ಡೆಲಿವರಿ ಕೆಲಸಗಾರರಿಗೆ ಎರಡೂ ಇಲ್ಲ. ಪೂರ್ಣ ಜಾಲವನ್ನು ಅಳೆಯಬೇಕಾದರೆ ಗಡಿಯೊಳಗಿನ ಹೆಚ್ಚು ಕಡಿಮೆ ಎಲ್ಲರನ್ನೂ ಮಾತಾಡಿಸಬೇಕು, ಯಾಕೆಂದರೆ ಬಿಟ್ಟುಹೋದ ಒಬ್ಬ ವ್ಯಕ್ತಿಯೇ ಎರಡು ಗುಂಪುಗಳ ನಡುವಿನ ಸೇತುವೆಯಾಗಿದ್ದಿರಬಹುದು. ಸಾಮಾನ್ಯ ಸಮೀಕ್ಷೆಯಲ್ಲಿ ನೂರರಲ್ಲಿ ಇಪ್ಪತ್ತು ಮಂದಿ ಸಿಗದಿದ್ದರೆ ಆಗುವ ನಷ್ಟಕ್ಕಿಂತ ಇದು ದೊಡ್ಡದು. ಆದ್ದರಿಂದ ಒಂಟಿಯಾಗಿ ದುಡಿಯುವ ಪಿಎಚ್‌.ಡಿ. ವಿದ್ಯಾರ್ಥಿಗೆ ನಾನು ಹೇಳುವುದು ವ್ಯಕ್ತಿಕೇಂದ್ರಿತ ಜಾಲ. ಒಬ್ಬೊಬ್ಬ ಕೆಲಸಗಾರನನ್ನೂ ಕೂರಿಸಿಕೊಂಡು, ರಾತ್ರಿ ಗಾಡಿ ಕೆಟ್ಟಾಗ ಯಾರಿಗೆ ಫೋನ್ ಮಾಡಿದಿರಿ, ಐಡಿ ಬ್ಲಾಕ್ ಆದಾಗ ಯಾರು ದಾರಿ ತೋರಿಸಿದರು, ರೂಮಿನ ಅಡ್ವಾನ್ಸ್‌ಗೆ ದುಡ್ಡು ಯಾರು ಕೊಟ್ಟರು ಎಂದು ಕೇಳಿ ಹೆಸರುಗಳನ್ನು ಪಡೆಯುವುದು. ಆಮೇಲೆ ಆ ಹೆಸರಿನವರಲ್ಲಿ ಯಾರು ಯಾರಿಗೆ ಪರಿಚಯ ಎಂದು ಕೇಳುವುದು. ಇಲ್ಲೊಂದು ಚಿಕ್ಕ ಲೆಕ್ಕವನ್ನು ಮರೆಯಬಾರದು. 10 ಹೆಸರು ಪಡೆದರೆ ಕೇಳಬೇಕಾದ ಜೋಡಿಗಳು 45, 15 ಆದರೆ 105, 20 ಆದರೆ 190. ಆರ್ಡರ್‌ಗಳ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಕೂತವನ ತಾಳ್ಮೆ 105ನೇ ಜೋಡಿಯವರೆಗೆ ಉಳಿಯುವುದಿಲ್ಲ. 10 ಹೆಸರಿಗೆ ನಿಲ್ಲಿಸಿ, 60–80 ಮಂದಿಯನ್ನು ಮಾತಾಡಿಸಿದರೆ ಒಂದು ಗಟ್ಟಿ ಅಧ್ಯಾಯಕ್ಕೆ ಸಾಕು.

ಈ ವಿಧಾನದ ಮುಳ್ಳು ಸಮ್ಮತಿಯದು. ಮಾತಾಡಿದವನು ಒಪ್ಪಿಗೆ ಕೊಟ್ಟಿರುತ್ತಾನೆ, ಅವನು ಹೆಸರಿಸಿದ 10 ಮಂದಿ ಕೊಟ್ಟಿರುವುದಿಲ್ಲ. ಯಾರಿಗೆ ಯಾರು ಸಾಲಗಾರ ಎಂಬುದನ್ನು ಹೇಳುವ ನಕ್ಷೆ ಆ ವಲಯದವರ ಕೈಗೆ ಸಿಕ್ಕರೆ, ಹೆಸರು ಅಳಿಸಿದ್ದರೂ ಯಾರ ಸ್ಥಾನ ಯಾವುದೆಂದು ಅವರು ಊಹಿಸಬಲ್ಲರು. ಸಂದರ್ಶನದ ಹೊತ್ತಿನಲ್ಲಿಯೇ ಹೆಸರಿನ ಬದಲು ಸಂಕೇತ ಬರೆದುಕೊಳ್ಳುವುದು, ಪ್ರಬಂಧದಲ್ಲಿ ಇಡೀ ಚಿತ್ರವನ್ನು ಅಚ್ಚು ಹಾಕದೆ ಅದರಿಂದ ಬಂದ ಅಳತೆಗಳನ್ನು ಮಾತ್ರ ಕೊಡುವುದು ಇದಕ್ಕೆ ಒಂದು ಮಟ್ಟದ ಪರಿಹಾರ. ಕೀಲಿಕೈಯ ವಿಷಯದಲ್ಲಿ ಮಾತ್ರ ಈ ವಿಧಾನ ನಿಶ್ಚಿಂತ. ಅದು ಜನರ ಬಳಿಯೇ ಇದೆ, ಯಾವ ಕಂಪನಿಯೂ ಕಸಿದುಕೊಳ್ಳಲಾರದು.

ಯಂತ್ರ ಓದುವ ಲಕ್ಷ ಸಾಲುಗಳು

ಗಣಕೀಯ ಪಠ್ಯ ವಿಶ್ಲೇಷಣೆಯ ಆಕರ್ಷಣೆ ಅರ್ಥವಾಗುವಂಥದ್ದು. 60 ಸಂದರ್ಶನಗಳನ್ನು ಲಿಪ್ಯಂತರಿಸಿ ಬೆನ್ನು ನೋಯಿಸಿಕೊಳ್ಳುವ ಬದಲು 60,000 ಪೋಸ್ಟ್‌ಗಳನ್ನು ಇಳಿಸಿಕೊಂಡು ವಿಷಯವಾರು ವಿಂಗಡಿಸಿಬಿಡಬಹುದು ಎಂದು ಅನ್ನಿಸುತ್ತದೆ. 2003ರಲ್ಲಿ ಬಂದ ಎಲ್‌ಡಿಎ ಎಂಬ ಮಾದರಿ ಇಂದಿಗೂ ಇದರ ಪ್ರವೇಶದ್ವಾರ: ಒಟ್ಟೊಟ್ಟಿಗೆ ಬರುವ ಪದಗಳನ್ನು ಗುಂಪು ಮಾಡಿ ಅದು ‘ವಿಷಯ’ಗಳನ್ನು ಸೂಚಿಸುತ್ತದೆ. ಪತ್ರಿಕೆಗಳು ಇಪ್ಪತ್ತು ವರ್ಷದಲ್ಲಿ ವಲಸೆಯ ಬಗ್ಗೆ ಬರೆಯುವ ರೀತಿ ಹೇಗೆ ಬದಲಾಯಿತು, ವಿಧಾನಮಂಡಲದ ಚರ್ಚೆಗಳಲ್ಲಿ ‘ಕಾರ್ಮಿಕ’ ಎಂಬ ಮಾತು ಯಾವ ಮಾತುಗಳ ಜೊತೆ ಬರುತ್ತದೆ ಎಂಬಂಥ ಪ್ರಶ್ನೆಗಳಿಗೆ ಇದು ನಿಜಕ್ಕೂ ಒಳ್ಳೆಯದು. ಅದು ಸಾರ್ವಜನಿಕ ಮಾತಿನ ಚರಿತ್ರೆಯನ್ನು ಹೇಳಬಲ್ಲದು. ನಮ್ಮ ಪ್ರಶ್ನೆ ನಂಟಿನದು. ಯಾರೂ ಪೋಸ್ಟ್ ಹಾಕಿ ‘ನಮ್ಮ ಚಿಕ್ಕಪ್ಪನ ಮಗನಿಂದಾಗಿ ನನಗೆ ರೂಮು ಸಿಕ್ಕಿತು’ ಎಂದು ಬರೆಯುವುದಿಲ್ಲ.

ಕನ್ನಡದ ತೊಡಕು ಇಲ್ಲಿ ಬಲವಾಗಿದೆ. ಮನೆ, ಮನೆಯಲ್ಲಿ, ಮನೆಯಿಂದ, ಮನೆಗಳಿಗೂ, ಮನೆಯವರದೇ ಇವೆಲ್ಲ ನಮಗೆ ಒಂದೇ ಪದದ ರೂಪಗಳು, ಯಂತ್ರಕ್ಕೆ ಐದು ಬೇರೆ ಬೇರೆ ಪದಗಳು. ಪ್ರತ್ಯಯಗಳನ್ನು ಬಿಡಿಸದೆ ಮಾದರಿಯನ್ನು ಓಡಿಸಿದರೆ ವಿಷಯಗಳು ಚೂರುಚೂರಾಗುತ್ತವೆ. ಅದರ ಮೇಲೆ, ಡೆಲಿವರಿ ಹುಡುಗರು ಮೊಬೈಲಿನಲ್ಲಿ ಬರೆಯುವ ಕನ್ನಡ ಬಹುಪಾಲು ರೋಮನ್ ಲಿಪಿಯದು. ಒಂದೇ ಪದಕ್ಕೆ ನಾಲ್ಕು ಕಾಗುಣಿತ, ನಡುವೆ ಹಿಂದಿ, ಉರ್ದು, ತೆಲುಗು. ಮದರಾಸಿನ ಐಐಟಿಯ ಎಐ4ಭಾರತ್‌ನಂಥ ಗುಂಪುಗಳು ಭಾರತೀಯ ಭಾಷೆಗಳಿಗೆ ಮಾದರಿಗಳನ್ನು ಕಟ್ಟಿ ಮುಕ್ತವಾಗಿ ಕೊಟ್ಟ ಮೇಲೆ ಪರಿಸ್ಥಿತಿ ಸುಧಾರಿಸಿದೆ, ಆದರೆ ಕಲಬುರಗಿಯ ಆಡುಮಾತು ರೋಮನ್ ಲಿಪಿಯಲ್ಲಿ ಬಂದಾಗ ಅವುಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಜಾತಿಯ ಮಾತಂತೂ ನಮ್ಮಲ್ಲಿ ಬಹುಪಾಲು ಹೆಸರೆತ್ತದೆಯೇ ನಡೆಯುತ್ತದೆ. ‘ನಮ್ಮೋರು’ ಎಂಬ ಒಂದು ಪದ ಊರಿನವರನ್ನೋ ಕುಲದವರನ್ನೋ ಪಕ್ಷದವರನ್ನೋ ಸೂಚಿಸುವುದು ಸಂದರ್ಭದಿಂದ ಮಾತ್ರ ತಿಳಿಯುತ್ತದೆ.

ಕೀಲಿಕೈಯ ಪ್ರಶ್ನೆಯೂ ಇಲ್ಲೇ ಗಂಭೀರವಾಗುವುದು. ಟ್ವಿಟರ್ 2021ರ ಜನವರಿಯಲ್ಲಿ ಸಂಶೋಧಕರಿಗೆ ಉಚಿತ ಪ್ರವೇಶ ತೆರೆದಾಗ ಲೋಕದ ಎಷ್ಟೋ ಪ್ರಬಂಧಗಳು ಅದರ ಮೇಲೆ ನಿಂತವು. 2023ರಲ್ಲಿ ಅದು ಮುಚ್ಚಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನು ಹಿಂಬಾಲಿಸಲು ಬಳಕೆಯಾಗುತ್ತಿದ್ದ ಕ್ರೌಡ್‌ಟ್ಯಾಂಗಲ್ ಅನ್ನು ಮೆಟಾ 2024ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಸಾರಲೇಖಕ್ಕೆ ಒಪ್ಪಿಗೆ ಸಿಗುವ ದಿನ ತೆರೆದಿದ್ದ ಬಾಗಿಲು ಮೂರನೇ ವರ್ಷಕ್ಕೆ ಮುಚ್ಚಿರಬಹುದು ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಈ ದಾರಿಗೆ ಬರಬೇಕು. ಪತ್ರಿಕಾ ಸಂಗ್ರಹ, ನ್ಯಾಯಾಲಯದ ತೀರ್ಪು, ಸದನದ ನಡಾವಳಿಗಳಂಥ ಒಂದು ಸಲ ಇಳಿಸಿಕೊಂಡು ಇಟ್ಟುಕೊಳ್ಳಬಹುದಾದ ಪಠ್ಯವೇ ಸುರಕ್ಷಿತ.

ದೊಡ್ಡ ದತ್ತಾಂಶ ಎಂದರೆ ದೊಡ್ಡ ಸತ್ಯ ಎಂಬ ಭ್ರಮೆಯನ್ನು ಕಳೆಯಲು ಎರಡು ನಿದರ್ಶನಗಳನ್ನು ನಾನು ತಪ್ಪದೆ ಹೇಳುತ್ತೇನೆ. ಜನ ಗೂಗಲ್‌ನಲ್ಲಿ ಹುಡುಕುವ ಪದಗಳಿಂದಲೇ ಫ್ಲೂ ಎಷ್ಟು ಹರಡಿದೆ ಎಂದು ಅಂದಾಜಿಸುವ ಯೋಜನೆ 2008ರಲ್ಲಿ ಆರಂಭವಾಗಿ, 2012–13ರ ಚಳಿಗಾಲದ ಹೊತ್ತಿಗೆ ನಿಜಕ್ಕಿಂತ ಬಹಳ ಹೆಚ್ಚಿನ ಸಂಖ್ಯೆಯನ್ನು ತೋರಿಸಿ ನಗೆಪಾಟಲಾಯಿತು. ಅಮೆರಿಕದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳ ಬಗ್ಗೆ ವರ್ಷಗಟ್ಟಲೆ ಸಂಗ್ರಹಿಸಿದ ಸಾವಿರಾರು ಚರಗಳನ್ನು (ಅಳೆಯಬಹುದಾದ ಅಂಶಗಳನ್ನು) 160 ತಂಡಗಳ ಕೈಗೆ ಕೊಟ್ಟು ಮಕ್ಕಳ ಮುಂದಿನ ಸ್ಥಿತಿಗತಿಯನ್ನು ಊಹಿಸಲು ಹೇಳಿದ ಪ್ರಯೋಗದ ಫಲಿತಾಂಶ 2020ರಲ್ಲಿ ಹೊರಬಂತು. ಅತ್ಯುತ್ತಮ ಯಂತ್ರಕಲಿಕೆಯ ಮಾದರಿಯೂ ನಾಲ್ಕೇ ಚರಗಳ ಸಾದಾ ಮಾದರಿಗಿಂತ ಸ್ವಲ್ಪವಷ್ಟೇ ಮುಂದಿತ್ತು.

ಎಐ ಚಾಟ್‌ಬಾಟ್‌ಗೆ ಸಂದರ್ಶನಗಳನ್ನು ಕೊಟ್ಟು ಸಂಕೇತೀಕರಣ, ಅಂದರೆ ಪ್ರತಿ ತುಣುಕಿಗೂ ವಿಷಯದ ಗುರುತು ಹಚ್ಚುವ ಕೆಲಸ, ಮಾಡಿಸುವುದು ಇತ್ತೀಚಿನ ಹವ್ಯಾಸ. ಮಾಡಬಾರದೆಂದು ನಾನು ಹೇಳುವುದಿಲ್ಲ. ಆದರೆ 200 ತುಣುಕುಗಳನ್ನಾದರೂ ನೀವೂ ಇನ್ನೊಬ್ಬರೂ ಪ್ರತ್ಯೇಕವಾಗಿ ಕೈಯಿಂದ ಸಂಕೇತಿಸಿ, ನಿಮ್ಮಿಬ್ಬರ ನಡುವಿನ ಹೊಂದಾಣಿಕೆಯನ್ನು ಕೋಹೆನ್ ಕಪ್ಪಾದಂಥ ಅಳತೆಯಿಂದ ನೋಡಿ, ಆಮೇಲೆ ಯಂತ್ರದ ಉತ್ತರವನ್ನು ಅದರ ಪಕ್ಕ ಇಡಬೇಕು. ಮಾದರಿಯ ಆವೃತ್ತಿಯನ್ನೂ ಕೊಟ್ಟ ಸೂಚನೆಯನ್ನೂ ದಿನಾಂಕದೊಂದಿಗೆ ಬರೆದಿಡದಿದ್ದರೆ ಆರು ತಿಂಗಳ ನಂತರ ಅದೇ ಫಲಿತಾಂಶ ನಿಮಗೇ ಮತ್ತೆ ಬರಲಿಕ್ಕಿಲ್ಲ. ಹಾಗೆಯೇ, ‘ನಿಮ್ಮ ಮಾತು ನನ್ನ ಬಳಿಯೇ ಇರುತ್ತದೆ’ ಎಂದು ಮಾತು ಕೊಟ್ಟು ಪಡೆದ ಸಂದರ್ಶನವನ್ನು ಬೇರೆ ಕಂಪನಿಯ ಸರ್ವರಿಗೆ ಕಳಿಸುವುದು ಕೊಟ್ಟ ಮಾತನ್ನು ಮುರಿದಂತೆ.

ಗುಂಪಿನೊಳಗೆ ಕೂತು ನೋಡುವುದು

ಡಿಜಿಟಲ್ ಎಥ್ನೋಗ್ರಫಿಯೂ ಇದೇ ಮೊಬೈಲ್ ಲೋಕವನ್ನೇ ನೋಡುತ್ತದೆ, ಆದರೆ ಎಣಿಸಿ ಅಲ್ಲ, ಇದ್ದು. 2000ದ ಹೊತ್ತಿಗೆ ಕ್ರಿಸ್ಟೀನ್ ಹೈನ್ ಮೊದಲಾದವರು ಅಂತರ್ಜಾಲವನ್ನೇ ಕ್ಷೇತ್ರವೆಂದು ವಾದಿಸಿದಾಗ ಅನುಮಾನಿಸಿದ ಹಿರಿಯರು ಅನೇಕರಿದ್ದರು. 2020ರ ಲಾಕ್‌ಡೌನ್ ಆ ಅನುಮಾನವನ್ನು ಬಲವಂತವಾಗಿ ಬಿಡಿಸಿತು. ನಮ್ಮ ಪ್ರಶ್ನೆಗೆ ಇದು ಜಾಲ ವಿಶ್ಲೇಷಣೆಯಷ್ಟೇ ಹತ್ತಿರ. ಡೆಲಿವರಿ ಕೆಲಸಗಾರರು ನೆರವು ಕೇಳುವ, ರೇಟ್ ಕಾರ್ಡ್ ಬದಲಾದುದಕ್ಕೆ ಸಿಟ್ಟು ತೋಡಿಕೊಳ್ಳುವ, ಅಪಘಾತವಾದವನಿಗೆ ಹಣ ಕೂಡಿಸುವ ಜಾಗ ವಾಟ್ಸಾಪ್ ಗುಂಪು. ಜಾಲದ ನಕ್ಷೆ ಯಾರು ಯಾರಿಗೆ ನಂಟು ಎಂದು ತೋರಿಸಿದರೆ, ಆ ನಂಟು ಯಾವ ಮಾತಿನಲ್ಲಿ ಕೆಲಸಕ್ಕೆ ಬರುತ್ತದೆ, ಯಾವಾಗ ಹುಸಿಹೋಗುತ್ತದೆ ಎಂಬುದು ಗುಂಪಿನೊಳಗೆ ತಿಂಗಳುಗಟ್ಟಲೆ ಇದ್ದವರಿಗೆ ಮಾತ್ರ ಕಾಣುತ್ತದೆ.

ವಾಟ್ಸಾಪ್ 2016ರಿಂದ ಆದ್ಯಂತ ಗೂಢಲಿಪೀಕರಣದಲ್ಲಿದೆ, ಅಂದರೆ ಸಂದೇಶವನ್ನು ಕಳಿಸಿದವರು, ಪಡೆದವರು ಮಾತ್ರ ಓದಬಲ್ಲರು. ಹೊರಗಿನಿಂದ ಯಾರೂ ಬಾಚಿಕೊಳ್ಳಲಾಗದು. ಪಠ್ಯ ವಿಶ್ಲೇಷಕರಿಗೆ ಇದು ಗೋಡೆ, ಎಥ್ನೋಗ್ರಫಿ ಮಾಡುವವರಿಗೆ ಅನುಕೂಲ, ಯಾಕೆಂದರೆ ಪ್ರವೇಶ ಪರಿಚಯದಿಂದಲೇ ಸಿಗಬೇಕು, ಪರಿಚಯ ಕ್ಷೇತ್ರಕಾರ್ಯದಿಂದಲೇ ಬರಬೇಕು. ಆದರೆ ಅಡ್ಮಿನ್ ಒಬ್ಬನ ಒಪ್ಪಿಗೆ ಗುಂಪಿನ ಒಪ್ಪಿಗೆಯಲ್ಲ. ತಾನು ಯಾರು, ಏಕೆ ಬಂದಿದ್ದೇನೆ ಎಂದು ಸೇರಿದ ದಿನವೂ, ಹೊಸಬರು ಬರುತ್ತಿರುವುದರಿಂದ ತಿಂಗಳಿಗೊಮ್ಮೆಯೂ ಹೇಳಬೇಕು. ಸಾರ್ವಜನಿಕ ಪುಟಗಳಿಂದ ತೆಗೆದ ಮಾತುಗಳಾದರೆ, ಯಥಾವತ್ತಾಗಿ ಉದ್ಧರಿಸಿದ ಸಾಲನ್ನು ಹುಡುಕಾಟದಲ್ಲಿ ಹಾಕಿ ಬರೆದವರನ್ನು ಯಾರಾದರೂ ಪತ್ತೆ ಹಚ್ಚಬಹುದಾದ್ದರಿಂದ, ಭಾವವನ್ನು ಉಳಿಸಿ ಮಾತನ್ನು ಬದಲಿಸಿ ಬರೆಯುವುದು ಲೇಸು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ಷರತ್ತುಬದ್ಧ ವಿನಾಯಿತಿ ಇರುವುದು ನಿಜ. ಅದನ್ನು ನೆಪ ಮಾಡಿಕೊಂಡು ಸಮ್ಮತಿಯನ್ನೇ ಬಿಡುವುದು ಸಂಶೋಧಕನಿಗೆ ಶೋಭೆಯಲ್ಲ.

ಪರದೆಯ ಮುಂದೆ ಮಾತ್ರ ಕೂತು ಬರೆದ ಎಥ್ನೋಗ್ರಫಿಯನ್ನು ಪರೀಕ್ಷಕರು ಒಪ್ಪದಿರುವುದಕ್ಕೆ ಕಾರಣವಿದೆ. ಗುಂಪಿನಲ್ಲಿ ಮಾತಾಡುವವರು ಹತ್ತಾರು ಮಂದಿ, ಓದಿ ಸುಮ್ಮನಿರುವವರು ನೂರಾರು. ಆ ಮೌನದ ಅರ್ಥ ತಿಳಿಯಲು ಆ್ಯಪ್ ಆರ್ಡರ್‌ಗಳ ಗೋದಾಮಾದ ಡಾರ್ಕ್ ಸ್ಟೋರ್‌ನ ಮುಂದಿನ ಚಹಾ ಅಂಗಡಿಗೇ ಹೋಗಬೇಕು. ಬೆಂಗಳೂರಷ್ಟೇ ಸಾಲದೆ, ಹಬ್ಬಕ್ಕೆ ಊರಿಗೆ ಹೊರಟವರ ಜೊತೆ ಬಸ್ಸಿನಲ್ಲಿ ಹೋಗಿ ಅಲ್ಲಿಯೂ ಒಂದಷ್ಟು ದಿನ ಇರುವ ಬಹುತಾಣ ಎಥ್ನೋಗ್ರಫಿ, 1995ರಲ್ಲಿ ಜಾರ್ಜ್ ಮಾರ್ಕಸ್ ಅದಕ್ಕೊಂದು ರೂಪ ಕೊಟ್ಟಾಗಿನಿಂದ, ವಲಸೆಯ ಅಧ್ಯಯನಗಳಿಗೆ ಬಹಳ ಹೊಂದಿಕೊಂಡಿದೆ.

ಕ್ಯಾಮೆರಾ ಅವರ ಕೈಯಲ್ಲಿ

ಸಹಭಾಗಿ ವಿಧಾನಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿಯ ಹೆಂಗಸರಿಗೆ ಕ್ಯಾಮೆರಾ ಕೊಟ್ಟು ತಮ್ಮ ಬದುಕನ್ನು ತಾವೇ ಚಿತ್ರಿಸುವಂತೆ ಮಾಡಿ, ಆ ಚಿತ್ರಗಳ ಸುತ್ತ ಮಾತು ಬೆಳೆಸಿದ ಫೋಟೊವಾಯ್ಸ್ 1990ರ ದಶಕದ್ದು. ಅದಕ್ಕೂ ತುಸು ಮುಂಚೆಯೇ ಗ್ರಾಮಸ್ಥರು ನೆಲದ ಮೇಲೆ ರಂಗೋಲಿ ಪುಡಿ, ಬೀಜ, ಕಡ್ಡಿಗಳಿಂದ ತಮ್ಮ ಊರಿನ ನಕ್ಷೆ ಬರೆಯುವ ಸಹಭಾಗಿ ಗ್ರಾಮೀಣ ಸಮೀಕ್ಷೆಯನ್ನು ಭಾರತದಲ್ಲಿ ಮೊದಮೊದಲು ಬೆಳೆಸಿದವರಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆಯೂ ಒಂದು. ಸ್ಮಾರ್ಟ್‌ಫೋನ್ ಎಲ್ಲರ ಕೈಯಲ್ಲಿರುವ ಡೆಲಿವರಿ ಕೆಲಸಗಾರರೊಂದಿಗೆ ಇದು ಸುಲಭವೆಂದು ತೋರುತ್ತದೆ. ಆದರೆ ಆರ್ಡರ್ ಬಿಟ್ಟು ಮೂರು ಗಂಟೆ ಚರ್ಚೆಗೆ ಕೂರುವವನು ಆ ಹೊತ್ತಿನ ಸಂಪಾದನೆಯನ್ನೂ ಬಿಟ್ಟಿರುತ್ತಾನೆ. ಪ್ರಶ್ನೆಯನ್ನೇ ಜನ ಬದಲಿಸಬಹುದು, ಬದಲಿಸಬೇಕು ಎಂಬುದು ಈ ವಿಧಾನದ ಧರ್ಮ. ಮೂರನೇ ವರ್ಷದಲ್ಲಿ ಶೀರ್ಷಿಕೆ ಬದಲಿಸಲು ಅರ್ಜಿ ಹಾಕಿ ಸಮಿತಿಯ ಮುಂದೆ ನಿಂತವರಿಗೆ ಆ ಧರ್ಮದ ಬೆಲೆ ಗೊತ್ತು. ಮಹಾಪ್ರಬಂಧಕ್ಕೆ ಹೆಸರು ಒಬ್ಬರದೇ ಇರಬೇಕಾದ್ದರಿಂದ, ಇದನ್ನು ಪ್ರಬಂಧದ ಒಂದು ಭಾಗವಾಗಿ ಇಟ್ಟುಕೊಳ್ಳುವುದು ಜಾಣತನವೆಂದು ನನ್ನ ಅನಿಸಿಕೆ.

ಎಣಿಕೆಗೆ ಕಡಿಮೆ, ಕಥನಕ್ಕೆ ಹೆಚ್ಚು

20–30 ಪ್ರಕರಣಗಳಿದ್ದಾಗ ಏನು ಮಾಡಬೇಕು? ಸಂಖ್ಯಾಶಾಸ್ತ್ರಕ್ಕೆ ಅದು ತೀರ ಕಡಿಮೆ, ಒಂದೊಂದನ್ನೂ ಕಥೆಯಾಗಿ ಹೇಳುವುದಕ್ಕೆ ತೀರ ಹೆಚ್ಚು. ಚಾರ್ಲ್ಸ್ ರಾಗಿನ್ 1987ರಲ್ಲಿ ಮಂಡಿಸಿದ ಗುಣಾತ್ಮಕ ತೌಲನಿಕ ವಿಶ್ಲೇಷಣೆ ಈ ಸಂದಿಗೆ ಹುಟ್ಟಿದ್ದು. ಡೆಲಿವರಿ ಕೆಲಸಗಾರರ ಮುಷ್ಕರಗಳು ಕೆಲವು ಬಡಾವಣೆಗಳಲ್ಲಿ ನಡೆದು ಕೆಲವು ಕಡೆ ಏಕೆ ನಡೆಯಲಿಲ್ಲ ಎಂಬ ಪ್ರಶ್ನೆಗೆ ಇದು ಒಪ್ಪುತ್ತದೆ. ಒಂದೇ ಊರಿನವರ ದಟ್ಟಣೆ, ಹಳೆಯ ಸಂಘದ ಹಾಜರಿ, ರೇಟ್ ಕಡಿತದ ಪ್ರಮಾಣ ಇವು ಯಾವ ಯಾವ ಕೂಡಿಕೆಯಲ್ಲಿ ಬಂದಾಗ ಮುಷ್ಕರವಾಯಿತು ಎಂದು ಅದು ನೋಡುತ್ತದೆ. ಒಂದೇ ಫಲಕ್ಕೆ ಎರಡು ಮೂರು ದಾರಿಗಳಿರಬಹುದೆಂಬುದನ್ನು ಅದು ಮೊದಲೇ ಒಪ್ಪಿಕೊಂಡಿದೆ. ಹೀಗೆ ‘ಇದೆ’ ಅಥವಾ ‘ಇಲ್ಲ’ ಎಂದು ಗುರುತಿಸುವ ಷರತ್ತುಗಳ ಸಂಖ್ಯೆಯಲ್ಲಿ ಬಿಗಿ ಇರಬೇಕು. 4 ಷರತ್ತಾದರೆ ಸಾಧ್ಯವಿರುವ ಕೂಡಿಕೆಗಳು 16, 5 ಆದರೆ 32, 7 ಆದರೆ 128. 24 ಪ್ರಕರಣ ಇಟ್ಟುಕೊಂಡು 7 ಷರತ್ತು ಹಿಡಿದವರ ಕೋಷ್ಟಕದಲ್ಲಿ ನೂರಕ್ಕೂ ಹೆಚ್ಚು ಸಾಲುಗಳು ಖಾಲಿ ಉಳಿಯುತ್ತವೆ.

ತಾರತಮ್ಯ ಇದೆಯೇ ಇಲ್ಲವೇ ಎಂಬ ನೇರ ಪ್ರಶ್ನೆಗೆ ಕ್ಷೇತ್ರ ಪ್ರಯೋಗದಷ್ಟು ಚೊಕ್ಕ ಉತ್ತರ ಬೇರೆಯದರಿಂದ ಬರುವುದಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಆ್ಯಟ್‌ವೆಲ್ 548 ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಹತೆ ಒಂದೇ ಇದ್ದರೂ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ 0.67ರಷ್ಟು, ಮುಸ್ಲಿಂ ಹೆಸರಿಗೆ 0.33ರಷ್ಟು ಎಂದು ಕಂಡುಬಂತು. ಸಂದರ್ಶನದಲ್ಲಿ ‘ನಾವು ಯೋಗ್ಯತೆ ಮಾತ್ರ ನೋಡುತ್ತೇವೆ’ ಎಂದು ಎಲ್ಲ ನೇಮಕಾಧಿಕಾರಿಗಳೂ ಹೇಳುವಾಗ ಈ ಸಂಖ್ಯೆಗಳಿಗೆ ತೂಕ ಬರುತ್ತದೆ. ಆದರೆ ಸುಳ್ಳು ಅರ್ಜಿ ಕಳಿಸುವುದು ವಂಚನೆಯೇ. ನೈತಿಕ ಸಮಿತಿಯ ಲಿಖಿತ ಒಪ್ಪಿಗೆ ಇಲ್ಲದ ವಿಭಾಗದಲ್ಲಿ ವಿದ್ಯಾರ್ಥಿ ಒಬ್ಬನೇ ಇದಕ್ಕೆ ಕೈ ಹಾಕಬಾರದು.

ಮನೆ, ಮಕ್ಕಳು, ನೌಕರಿಗಳ ನಡುವೆ ಕ್ಷೇತ್ರಕ್ಕೆ ದೀರ್ಘಕಾಲ ಹೋಗಲಾಗದವರಿಗೆ, ಅಂಥವರು ನಮ್ಮಲ್ಲಿ ಬಹಳ, ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಮುಕ್ತ ದತ್ತಾಂಶ ಒಂದು ಮರ್ಯಾದೆಯ ದಾರಿ. 2004–05ರಲ್ಲಿ 41,554 ಕುಟುಂಬಗಳಲ್ಲಿ ನಡೆದ ಅದು 2011–12ರಲ್ಲಿ ಬಹುಪಾಲು ಅದೇ ಕುಟುಂಬಗಳಿಗೆ ಮರಳಿತು. ಜಾತಿ, ಮದುವೆ, ಪರಿಚಯಬಲ, ವಲಸೆ ಎಲ್ಲವೂ ಅದರಲ್ಲಿದೆ. ಗಿಗ್ ಕೆಲಸ ಇಲ್ಲ, ಅದು ಆ ಕಾಲದ್ದಲ್ಲ.

ಬೆರೆಸುವ ಮುನ್ನ

‘ಮಿಶ್ರ ವಿಧಾನ’ ಎಂದು ಬರೆದರೆ ಯಾರೂ ಆಕ್ಷೇಪಿಸುವುದಿಲ್ಲ ಎಂಬ ನಂಬಿಕೆ ಈಗ ಹಬ್ಬಿದೆ. ಒಂದು ಅಧ್ಯಾಯದಲ್ಲಿ ಕೋಷ್ಟಕ, ಮುಂದಿನದರಲ್ಲಿ ಸಂದರ್ಶನದ ಉದ್ಧರಣೆಗಳು ಬಂದು ಎರಡೂ ಒಂದನ್ನೊಂದು ಮಾತಾಡಿಸದಿದ್ದರೆ ಅದು ಮಿಶ್ರಣವಲ್ಲ, ನೆರೆಹೊರೆ. ಎರಡನೆಯ ವಿಧಾನ ಮೊದಲನೆಯದು ಎತ್ತಿದ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ ಎಂದು ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಅದನ್ನು ಬಿಡಬೇಕು. ನಮ್ಮ ಪ್ರಶ್ನೆಗೆ ನಾನೇ ಇಂದು ಸಾರಲೇಖ ಬರೆಯುವುದಾದರೆ, 60 ವ್ಯಕ್ತಿಕೇಂದ್ರಿತ ಜಾಲಗಳಿಂದ ಆರಂಭಿಸಿ, ಅವುಗಳಲ್ಲಿ ಊರಿನ ನಂಟೇ ದಟ್ಟವಾಗಿರುವ ಆರು ಮಂದಿಯನ್ನೂ ಅದು ಬಹುತೇಕ ಇಲ್ಲದ ಆರು ಮಂದಿಯನ್ನೂ ಆರಿಸಿಕೊಂಡು ಒಂದು ವರ್ಷ ಅವರ ಹಿಂದೆ, ಗುಂಪಿನಲ್ಲಿಯೂ ಬೀದಿಯಲ್ಲಿಯೂ, ಓಡಾಡುತ್ತಿದ್ದೆ. ಪಠ್ಯ ವಿಶ್ಲೇಷಣೆಯನ್ನು ಮುಟ್ಟುತ್ತಿರಲಿಲ್ಲ. ಅದೇ ವಿದ್ಯಾರ್ಥಿಯ ಪ್ರಶ್ನೆ ‘ಕನ್ನಡ ಪತ್ರಿಕೆಗಳು ಗಿಗ್ ಕೆಲಸಗಾರನನ್ನು ಹೇಗೆ ಕಂಡಿವೆ’ ಎಂದಿದ್ದರೆ ಸಲಹೆ ತಲೆಕೆಳಗಾಗುತ್ತಿತ್ತು.

ಮಾರ್ಗದರ್ಶಕರ ಮಾತೂ ಇಲ್ಲಿ ಬರಬೇಕು. ನಿಮ್ಮ ಗೈಡ್‌ಗೆ ಗೊತ್ತಿಲ್ಲದ ವಿಧಾನವನ್ನು ಹಿಡಿಯಬಾರದೆಂದೇನಿಲ್ಲ, ಆದರೆ ಆ ವಿಧಾನ ಬಲ್ಲ ಇನ್ನೊಬ್ಬರು, ಬೇರೆ ವಿಭಾಗದವರಾದರೂ ಸರಿ, ಸಹಮಾರ್ಗದರ್ಶಕರಾಗಿಯೋ ಸಲಹಾ ಸಮಿತಿಯಲ್ಲಿಯೋ ಇರುವಂತೆ ಮೊದಲ ವರ್ಷದಲ್ಲಿಯೇ ನೋಡಿಕೊಳ್ಳಬೇಕು. ಮೌಖಿಕ ಪರೀಕ್ಷೆಗೆ ಬರುವ ಹೊರಗಿನ ಪರೀಕ್ಷಕರಿಗೆ ಜಾಲದ ಅಳತೆಗಳು ಹೊಸದಾಗಿರಬಹುದು. ಅವರಿಗಾಗಿ ವಿಧಾನದ ಅಧ್ಯಾಯದಲ್ಲಿ ಒಬ್ಬ ಕೆಲಸಗಾರನ ಜಾಲವನ್ನು ಆರಂಭದಿಂದ ಕೊನೆಯವರೆಗೆ ಲೆಕ್ಕ ಮಾಡಿ ತೋರಿಸಿದರೆ, ಸೂತ್ರಗಳ ಐದು ಪುಟಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಮೂರು ವಾರದ ಪರೀಕ್ಷೆ

ಸಾರಲೇಖ ಸಲ್ಲಿಸುವ ಮೊದಲು ಮೂರು ವಾರ ಮೀಸಲಿಡಿ. ಮೊದಲ ವಾರ ಐದು ಮಂದಿಯ ಜಾಲವನ್ನು ಕೇಳಿ ಬರೆದುಕೊಳ್ಳಿ. ಎಷ್ಟು ಹೊತ್ತಾಯಿತು, ಎಲ್ಲಿ ಬೇಸರ ಬಂತು ಎಂದು ಗುರುತು ಹಾಕಿ. ಎರಡನೇ ವಾರ ಎರಡು ದೀರ್ಘ ಸಂದರ್ಶನಗಳನ್ನು ನೀವೇ ಕೇಳಿ ಲಿಪ್ಯಂತರಿಸಿ. ಒಂದು ಗಂಟೆಯ ಮಾತಿಗೆ ನಿಮಗೆ ಎಷ್ಟು ಗಂಟೆ ಹಿಡಿಯುತ್ತದೆ ಎಂಬ ಅಂಕಿ ಮುಂದಿನ ಮೂರು ವರ್ಷದ ಎಲ್ಲ ಯೋಜನೆಗೂ ಆಧಾರ. ಮೂರನೇ ವಾರ ನಿಮಗೆ ಸಿಗಬಹುದಾದ ಪಠ್ಯದಿಂದ 200 ತುಣುಕುಗಳನ್ನು ಇಳಿಸಿ, ಕೈಯಿಂದ ಸಂಕೇತಿಸಿ, ಯಂತ್ರದಿಂದಲೂ ಮಾಡಿಸಿ, ವ್ಯತ್ಯಾಸ ನೋಡಿ. ಯಾವ ವಾರದ ದತ್ತಾಂಶವನ್ನು ನಾಲ್ಕನೇ ವಾರವೂ ತೆರೆದು ನೋಡಬೇಕೆನಿಸಿತೋ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಆ ಮೂರು ವಾರದ ಟಿಪ್ಪಣಿಗಳಿಂದಲೇ ಪ್ರತಿ ಇಡುವ ಅಭ್ಯಾಸ ಶುರುವಾಗಲಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಮೈಸೂರು ಸೀಮೆಯ ರಾಂಪುರದಲ್ಲಿ 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದ, 18 ವರ್ಷ ಕೂತು ಸಂಸ್ಕರಿಸಿದ ಟಿಪ್ಪಣಿಗಳು 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕವು. ಅವರು ಮೂರು ಪ್ರತಿ ಮಾಡಿಸಿದ್ದರು. ಮೂರೂ ಅದೇ ಕೋಣೆಯಲ್ಲಿದ್ದವು.